ಹನ್ನೊಂದು ಗಂಟೆಯ ಖಾಲಿ ಚೌಕ

ಮೂವತ್ತೆರಡನೆಯ ವಯಸ್ಸಿಗೆ ನಿವೃತ್ತಿ ಎಂದು ಬರೆದರೆ ಓದುವವರು ನಗುತ್ತಾರೆ. ನಮ್ಮ ಕೋಣೆಯಲ್ಲೂ ನಕ್ಕರು. ಕೊನೆಯ ದಿನ ನಾಗಮಲ್ಲಪ್ಪ ಸರ್ ನನಗೆ ಶಾಲು ಹೊದಿಸಿ, ಚೆಂಡುಹೂವಿನ ಹಾರ ಹಾಕಿ, "ಜಿಲ್ಲೇಲಿ ಇಷ್ಟ್ ಚಿಕ್ಕ ವಯಸ್ಗೆ ರಿಟೈರಾದೋಳು ನೀನೊಬ್ಳೇ ಕಣಮ್ಮಿ. ನನ್ಗೆ ಅರವತ್ತಾಯ್ತಾ ಬಂತು, ನನ್ನ ಇನ್ನೂ ಬುಡ್ತಾ ಇಲ್ಲ" ಎಂದರು.

ನಾನು ಕೈಯಾರೆ ಮಾಡುತ್ತಿದ್ದ ಕೆಲಸವನ್ನು ಈಗ ಯಂತ್ರಗಳೇ ಮಾಡಿಕೊಳ್ಳುತ್ತವೆ. ಅವಕ್ಕೆ ಕಲಿಸಿದವಳು ನಾನೇ. ಗುತ್ತಿಗೆ ಮುಗಿದಾಗ ಅದನ್ನು ಮುಂದುವರಿಸಲು ಯಾರಿಗೂ ಕಾರಣ ಕಾಣಲಿಲ್ಲ. ಒಂಬತ್ತು ವರ್ಷ ಕೆಲಸ, ಏಳು ನೋಟ್‌ಬುಕ್ಕು. ಮುಂದಿನ ತಿಂಗಳು ಇಬ್ಬರು ಹೊಸಬರು ಬರುತ್ತಾರೆ. ಕಂಬ, ತಂತಿ, ಮಹಡಿ ಮೇಲಿನ ಡಿಶ್ಶುಗಳು ಎಲ್ಲ ಅವರ ಹೊಣೆ. ಪರೀಕ್ಷೆಯ ಪಟ್ಟಿಯನ್ನು ಬೆಳಿಗ್ಗೆ ಒಮ್ಮೆ ನೋಡಿದರೆ ಸಾಕು. "ಅವ್ರಿಗೆ ಒಂದೆರಡು ಪುಟ ಬರ್ದಿಟ್ಟು ಓಗು" ಎಂದು ಸರ್ ಹೇಳಿದ್ದರು. ನೋಟ್‌ಬುಕ್ಕುಗಳನ್ನು ಎದುರಿಗಿಟ್ಟುಕೊಂಡು ಕುಳಿತೆ. ಎರಡು ಪುಟದಲ್ಲಿ ಮುಗಿಯಲಿಲ್ಲ.

ನಮ್ಮದು ಶಾಲೆ, ಆರೋಗ್ಯ ಕೇಂದ್ರಗಳಿಗೆ ಇಂಟರ್ನೆಟ್ ಸಂಪರ್ಕ ಕೊಡುವ ಒಂದು ಸಣ್ಣ ಗುತ್ತಿಗೆ ಸಂಸ್ಥೆ. ಚಾಮರಾಜನಗರದ ಕೋಣೆಯಲ್ಲಿ ಒಂದು ಯಂತ್ರ, ಗುಂಡ್ಲುಪೇಟೆಯ ಕೋಣೆಯಲ್ಲಿ ಒಂದು, ಅಲ್ಲಿಂದ ಆಚೆ ಊರುಗಳಲ್ಲಿ ಊಟದ ಡಬ್ಬಿಯಷ್ಟು ಪುಟ್ಟ ಪೆಟ್ಟಿಗೆಗಳು. ಇವುಗಳ ನಡುವಿನ ದಾರಿ ಹೇಗಿದೆ ಎಂದು ನೋಡುವುದು ನನ್ನ ಕೆಲಸ. ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ದಾರಿ ಎಷ್ಟು ಅಗಲ, ಅಂದರೆ ಒಂದೇ ಸಲಕ್ಕೆ ಎಷ್ಟು ಮಾಹಿತಿ ಹಾಯುತ್ತದೆ? ಹೋಗಿ ಬರಲು ಎಷ್ಟು ತಡ? ಎರಡನೆಯದಕ್ಕೆ ಪಿಂಗ್ ಎಂಬ ಚಿಕ್ಕ ಕೂಗು ಕಳಿಸುತ್ತೇವೆ. ಬಾವಿಯೊಳಗೆ ಬಗ್ಗಿ "ಓ" ಎಂದರೆ ಕೆಳಗಿನಿಂದ "ಓ" ಎಂದು ಬರುತ್ತದಲ್ಲ, ಹಾಗೆ. ಬರುವ ತನಕದ ಹೊತ್ತನ್ನು ಸೆಕೆಂಡಿನ ಸಾವಿರದ ಭಾಗಗಳಲ್ಲಿ ಎಣಿಸುತ್ತೇವೆ. ಆ ಭಾಗಕ್ಕೆ ಮಿಲಿಸೆಕೆಂಡು ಎಂದು ಹೆಸರು. ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಒಂದು ಗಂಟೆ ಕೂರುತ್ತಿದ್ದವಳಿಗೆ, ಆ ಕೂಗು ನಾಲ್ಕು ಮಿಲಿಸೆಕೆಂಡಿನಲ್ಲಿ ಹೋಗಿ ಬರುವುದನ್ನು ಮೊದಲ ಸಲ ನೋಡಿದಾಗ ನಂಬಲಾಗಲಿಲ್ಲ. ಉಡಿಗಾಲದ ನಮ್ಮ ಮನೆಯ ಮುಂದಿನ ರಸ್ತೆಯಲ್ಲೇ ಆ ತಂತಿ ನೆಲದಡಿಯಲ್ಲಿ ಹೋಗಿದೆ. ಅಂಗಳ ಗುಡಿಸುತ್ತಾ ಅಮ್ಮ ಅದನ್ನು ದಾಟುವಾಗ ಕಾಲಡಿಯಲ್ಲಿ ನನ್ನ ಕೂಗುಗಳು ಓಡುತ್ತಿರುತ್ತವೆ ಎಂದು ಅಂದುಕೊಳ್ಳುತ್ತಿದ್ದೆ.

ನಾನು ಸೇರಿದಾಗ ಇದೆಲ್ಲ ಯಂತ್ರದ ಪಾಡಿಗೆ ನಡೆಯುತ್ತಿರಲಿಲ್ಲ. ನಾಗಮಲ್ಲಪ್ಪ ಸರ್ ಹಿಂದೆ ಟೆಲಿಫೋನ್ ಕಂಬ ಹತ್ತಿದವರು. ಅವರದು ಕೈಗಡಿಯಾರದ ಪದ್ಧತಿ. ಅವರು ಚಾಮರಾಜನಗರದಲ್ಲಿ ಕುಳಿತು ಒಂದು ದೊಡ್ಡ ಫೈಲನ್ನು ಕಳಿಸುವುದು, ನಾನು ಗುಂಡ್ಲುಪೇಟೆಯಲ್ಲಿ ಫೋನು ಕಿವಿಗೆ ಹಿಡಿದು ಅದು ಬಂದು ಮುಟ್ಟಿದ್ದನ್ನು ಹೇಳುವುದು.

"ಮಂಜುಳಾ, ಬುಟ್ಟೆ!"

"ಬರ್ತಾ ಇದೆ ಸರ್."

"ಬಂತಾ?"

"ಅರ್ಧ ಬಂದಿದೆ."

"ಎಮ್ಮೆ ಮೇಲ್ ಕೂರ್ಸಿ ಕಳ್ಸಿದಂಗದಲ್ಲಮ್ಮಿ. ತೆರಕಣಾಂಬೀಲಿ ಟೀ ಕುಡೀತಾ ಕುಂತದಾ ನೋಡು."

ಅವರ ಗಡಿಯಾರಕ್ಕೆ ಸೆಕೆಂಡಿನ ಮುಳ್ಳೇ ಇರಲಿಲ್ಲ. ಅದು ಗೊತ್ತಾಗಲು ನನಗೆ ಐದು ತಿಂಗಳು ಬೇಕಾಯಿತು. ಆ ಐದು ತಿಂಗಳ ಅಂಕಿಗಳೆಲ್ಲ ನಿಮಿಷಕ್ಕೆ ಸರಿಯಾಗಿ ಮುಗಿದಿವೆ. ಮೊದಲ ನೋಟ್‌ಬುಕ್ಕಿನಲ್ಲಿ ಇವತ್ತಿಗೂ ಇವೆ, ಅಳಿಸಿಲ್ಲ.

ಎರಡನೆಯ ವರ್ಷ ನಾನೇ ಕಲಿತು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಇಂಥ ಹೊತ್ತಿಗೆ ಇದನ್ನು ಮಾಡು ಎಂದು ಯಂತ್ರಕ್ಕೆ ಸಾಲುಸಾಲಾಗಿ ಹೇಳಿಡುವ ಚೀಟಿ ಅದು. ನಿಮಿಷಕ್ಕೊಂದು ಪಿಂಗ್, ಗಂಟೆಗೊಮ್ಮೆ ಅಗಲದ ಪರೀಕ್ಷೆ. ಪ್ರತಿ ಊರಿಗೂ ಒಂದು ಪಟ್ಟಿ: ಅಡ್ಡಸಾಲಿನಲ್ಲಿ ತಾರೀಖು, ಉದ್ದಸಾಲಿನಲ್ಲಿ ಗಂಟೆ, ಪ್ರತಿ ಗಂಟೆಗೂ ಒಂದು ಚೌಕ. ಬೆಳಿಗ್ಗೆ ಬಾಗಿಲು ತೆಗೆದು ಪರದೆ ನೋಡಿದರೆ, ನಾನಿಲ್ಲದಾಗಲೂ ಯಾರೋ ಕುಳಿತು ಬರೆದಂತೆ ಚೌಕಗಳು ತುಂಬಿರುತ್ತಿದ್ದವು. ಅಂಕಿಗಳು ಮಲಗಿದವರ ಉಸಿರಿನಂತೆ ಒಂದೇ ಸಮ: ನಾಲ್ಕು, ನಾಲ್ಕು, ಐದು, ನಾಲ್ಕು. ಎಷ್ಟೋ ಬೆಳಿಗ್ಗೆ ನಾನು ಕೆಲಸ ಮರೆತು ಅದನ್ನೇ ನೋಡುತ್ತಾ ಕುಳಿತದ್ದುಂಟು.

ಯಂತ್ರ ಮಾಡಿತೆಂದ ಮಾತ್ರಕ್ಕೆ ಸರಿ ಎಂದುಕೊಳ್ಳಬೇಡಿ. ಒಮ್ಮೆ ನನಗೆ ಹೋಗುವ ತಡವನ್ನೂ ಬರುವ ತಡವನ್ನೂ ಬೇರೆ ಬೇರೆ ಅಳೆಯುವ ಆಸೆಯಾಯಿತು. ಚಾಮರಾಜನಗರದ ಯಂತ್ರ ಹೊರಟ ಹೊತ್ತು ಬರೆಯಬೇಕು, ಗುಂಡ್ಲುಪೇಟೆಯದು ಮುಟ್ಟಿದ ಹೊತ್ತು ಬರೆಯಬೇಕು, ಕಳೆದರೆ ಆಯಿತು. ಕಳೆದೆ. ಕೂಗು ಹೊರಡುವುದಕ್ಕೆ ಮೂರು ಸೆಕೆಂಡು ಮೊದಲೇ ಗುಂಡ್ಲುಪೇಟೆಯನ್ನು ಮುಟ್ಟಿತ್ತು. ಅದನ್ನು ನೋಟ್‌ಬುಕ್ಕಿಗೆ ಇಳಿಸಿ ತುಂಬ ಹೊತ್ತು ಕಿಟಕಿಯಾಚೆ ನೋಡಿದೆ. ಕಳಿಸುವ ಮೊದಲೇ ತಲುಪುವ ಸುದ್ದಿ! ಅಂಥದ್ದು ಏನೇನಿರಬಹುದೆಂದು ಯೋಚಿಸಿದೆ. ಅಪ್ಪ ಬರುವ ಮೊದಲೇ ಚಪ್ಪಲಿಯ ಸದ್ದು ಕೇಳಿತೆಂದು ಅಮ್ಮ ಒಲೆಯ ಮೇಲೆ ಟೀ ಇಡುತ್ತಿದ್ದಳಲ್ಲ, ಅದು ನೆನಪಾಯಿತು.

ಸರ್ ಬಂದು ಪುಟ ನೋಡಿದರು. "ಗುಂಡ್ಲುಪೇಟೆ ಗಡಿಯಾರ ಮೂರ್ ಸೆಕೆಂಡ್ ಇಂದೆ ಅದೆ, ಅಷ್ಟೇಯ. ಕನಸ್ ಕಾಣ್ಬೇಡ" ಎಂದರು. ಸೆಕೆಂಡಿನ ಮುಳ್ಳಿಲ್ಲದವರಿಂದ ಆ ಮಾತು ಕೇಳಬೇಕಾಯಿತು! ಎರಡು ಗಡಿಯಾರ ಒಂದಾಗಿರದಿದ್ದರೆ ಒಂದೇ ಗಡಿಯಾರದಿಂದ ಹೋಗಿ ಬರುವ ಹೊತ್ತನ್ನು ಅಳೆಯಿರಿ. ಇದು ಪಾಠ. ಆದರೆ ಒಂದು ಕಡೆಯಲ್ಲೇ ಕುಳಿತು ಅಳೆದರೆ ಏನು ತಪ್ಪಿಹೋಗುತ್ತದೆ ಎಂಬ ಪಾಠ ಆಮೇಲೆ ಬಂತು.

ನಡುವೆ ಮೋಡದ ಲೆಕ್ಕವೊಂದಿದೆ. ಗುಂಡ್ಲುಪೇಟೆಯಿಂದ ಕಾಡಂಚಿನ ಸಣ್ಣ ಊರಾದ ಮದ್ದೂರಿಗೆ ತಂತಿಯಿಲ್ಲ. ಮಹಡಿಯ ಮೇಲಿನ ಡಿಶ್ಶಿನಿಂದ ಗಾಳಿಯಲ್ಲೇ ಹೋಗುತ್ತದೆ. ಆ ಮಹಡಿಯಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟ ಕಾಣುತ್ತದೆ, ಅರ್ಧ ದಿನ ತಲೆಯ ಮೇಲೆ ಮೋಡ ಹೊದ್ದು. ಮೋಡವಿದ್ದ ದಿನ ಮದ್ದೂರಿನ ಕೂಗು ತಡವಾಗಿ ಬರುತ್ತದೆ ಎಂದು ನನಗೆ ಹೇಗೋ ನಂಬಿಕೆ ಬಂತು. ನಾಲ್ಕು ತಿಂಗಳು ದಿನವೂ ಹತ್ತಕ್ಕೆ ಮಹಡಿ ಹತ್ತಿ "ಮೋಡ: ಇದೆ", "ಮೋಡ: ಇಲ್ಲ" ಎಂದು ಬರೆದೆ.

"ಗೋಪಾಲಸ್ವಾಮಿಗೇ ಅಜರಿ ಆಕ್ತಾ ಇದ್ದೀಯೇನಮ್ಮಿ?" ಎಂದರು ಸರ್.

ಇದ್ದದ್ದು ಎಪ್ಪತ್ತೊಂದು ದಿನ, ಇಲ್ಲದ್ದು ನಲವತ್ತೊಂಬತ್ತು. ಎರಡಕ್ಕೂ ತಡ ಒಂದೇ, ಒಂಬತ್ತು ಮಿಲಿಸೆಕೆಂಡು. ಸಂಬಂಧವೇ ಇರಲಿಲ್ಲ. ಆದರೂ ಆ ಕಾಲಂ ಬಿಡಲು ಮನಸ್ಸಾಗಲಿಲ್ಲ.

ಇನ್ನು ಮದ್ದೂರಿನ ವಿಷಯ. ಹೊಸಬರು ಬೇರೇನನ್ನು ಓದದಿದ್ದರೂ ಇದನ್ನು ಓದಬೇಕು.

ಆ ಕೂಗು ಹೋಗಿ ಮುಟ್ಟುವ ಮದ್ದೂರಿನ ಡಿಶ್ಶಿನ ಕೆಳಗೆ ಆರೋಗ್ಯ ಕೇಂದ್ರದ ಒಂದೇ ಕೋಣೆ. ಬೆಂಚು, ಮೇಜು, ಮೇಜಿನ ಮೇಲೆ ಪರದೆ. ಮಂಗಳವಾರ ಮತ್ತು ಶುಕ್ರವಾರ ಹನ್ನೊಂದರಿಂದ ಹನ್ನೆರಡರವರೆಗೆ ಮಾತು ನಿಂತುಹೋದವರು ಅಲ್ಲಿ ಬಂದು ಕೂರುತ್ತಿದ್ದರು. ಚಾಮರಾಜನಗರದಿಂದ ರೇಖಾ ಮೇಡಂ ಪರದೆಯಲ್ಲಿ ಕಾಣಿಸಿಕೊಂಡು ಅವರಿಗೆ ಮಾತು ಕಲಿಸುತ್ತಿದ್ದರು. ಒಬ್ಬೊಬ್ಬರಿಗೆ ಇಪ್ಪತ್ತು ನಿಮಿಷ. ಕಾಯುವವರ ಪಟ್ಟಿ ಉದ್ದವಿತ್ತು. ಹಾಗಾಗಿ ಸುಧಾರಣೆ ಕಾಣದವರ ಜಾಗವನ್ನು ಇನ್ನೊಬ್ಬರಿಗೆ ಕೊಡುವ ನಿಯಮವಿತ್ತು.

ಹನ್ನೊಂದರ ಜಾಗ ಸಿದ್ದರಾಜು ಅವರದು. ಇಪ್ಪತ್ತೆಂಟು ವರ್ಷ ಬಸ್ ಕಂಡಕ್ಟರಾಗಿದ್ದವರು. ಪಾರ್ಶ್ವವಾಯು ಹೊಡೆದು ಬಲಗೈ ಸ್ವಲ್ಪ, ಮಾತು ಪೂರ್ತಿ ಹೋಗಿತ್ತು. ಎಲ್ಲ ಅರ್ಥವಾಗುತ್ತದೆ, ಪದ ಬಾಯಿಗೆ ಬರುವುದಿಲ್ಲ. ಅವರ ಹೆಂಡತಿ ಚಿಕ್ಕತಾಯಮ್ಮನ ಫೋನು ನನಗೆ ಮೂರು ಸಲ ಬಂದದ್ದು ನೋಟ್‌ಬುಕ್ಕಿನಲ್ಲಿದೆ: ಜೂನ್ ೯, ಜೂನ್ ೧೬, ಜೂನ್ ೨೩, ಮೂರೂ ಶುಕ್ರವಾರ.

ಮೊದಲ ಸಲ: "ಅನ್ನೊಂದ್ ಗಂಟೆಗ್ ಸರ್ಯಾಗಿ ನಿಂತೋಯ್ತದೆ ಕಣಮ್ಮಿ. ಮೇಡಂ ಮೊಕ ಚೂರ್ಚೂರಾಗ್ಬುಡ್ತದೆ."

ನಾನು ಪಟ್ಟಿ ನೋಡಿದೆ. ಹನ್ನೊಂದರ ಚೌಕದಲ್ಲಿ ಅಗಲ ಪೂರ್ತಿ, ತಡ ಒಂಬತ್ತು. "ಲೈನ್ ಸರಿಯಾಗಿದೆಯಲ್ಲಮ್ಮ. ನಿಮ್ಮ ಪರದೆಯದೇ ತೊಂದರೆ ಇರಬೇಕು" ಎಂದೆ. ಎರಡನೆಯ ಸಲವೂ ಅದನ್ನೇ ಹೇಳಿದೆ. ಅಂಕಿ ತೋರಿಸಿ ಹೇಳುವಾಗ ನನ್ನ ದನಿಯಲ್ಲಿ ಎಂಥ ನೆಮ್ಮದಿ ಇತ್ತೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೂರನೆಯ ಸಲ ಅವರು ಕೂಗಾಡಲಿಲ್ಲ. "ನಿಂಗೆ ಕಾಣ್ದಿದ್ರೆ ನನ್ಗೆ ಕಂಡಿದ್ದು ಸುಳ್ಳಾ? ಮುಂದಿನ್ ಶುಕ್ರವಾರ ಮೇಡಂ ಕೊನೇ ಲೆಕ್ಕ ನೋಡ್ತರಂತೆ. ಏಳ್ಗೆ ಇಲ್ಲ ಅಂದ್ರೆ ಇವ್ರ್ ಜಾಗ ಇನ್ನೊಬ್ಬರ್ಗೆ. ಈ ಮನುಷ್ಯ ಇನ್ನ್ ಯಾವತ್ತೂ ಬಾಯ್ ಬುಡಕಿಲ್ಲ. ಮಂಗಳವಾರ ಒಂದಪ ಬಂದ್ ನೋಡ್ಬುಟ್ಟು ಓಗವ್ವ" ಎಂದರು.

ಜೂನ್ ೨೭, ಮಂಗಳವಾರ. ಗುಂಡ್ಲುಪೇಟೆಯಿಂದ ಒಂಬತ್ತೂ ನಲವತ್ತರ ಬಸ್ಸು. ರಸ್ತೆಯ ಎರಡೂ ಕಡೆ ಸೂರ್ಯಕಾಂತಿ ಅರಳಿತ್ತು. ಸಾವಿರಾರು ಮುಖಗಳು ಒಂದೇ ದಿಕ್ಕಿಗೆ ತಿರುಗಿ ಯಾವುದೋ ಉತ್ತರಕ್ಕೆ ಕಾದು ನಿಂತಂತಿದ್ದವು. ಆಮೇಲೆ ಹೊಲ ಮುಗಿದು ಮರ ಶುರುವಾಯಿತು, ಬಸ್ಸಿನೊಳಗೆ ಬಿಸಿಲು ಬಂದು ಹೋಗಿ ಬಂದು ಹೋಗಿ ಮಾಡಿತು. ಇಷ್ಟು ವರ್ಷ ನಾನು ಈ ದಾರಿಯಲ್ಲಿ ಲಕ್ಷಗಟ್ಟಲೆ ಸಲ ಕೂಗು ಕಳಿಸಿದ್ದೆ. ಡಿಶ್ಶು ಕೂರಿಸಿದ ದಿನ ಬಿಟ್ಟರೆ ನಾನೇ ಹೋದದ್ದು ಅದೇ ಮೊದಲು. ಹೋಗುವ ತಡ: ನಲವತ್ತೆರಡು ನಿಮಿಷ.

ಸಿದ್ದರಾಜು ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಇಸ್ತ್ರಿ ಮಾಡಿದ ಖಾಕಿ ಅಂಗಿ, ಜೇಬಿನಲ್ಲಿ ಪೆನ್ನು. ಚಿಕ್ಕತಾಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಫೋನಲ್ಲಿ ದೊಡ್ಡ್ ಎಂಗ್ಸು ಅನ್ಕಂಡಿದ್ದೆ. ಇಷ್ಟೇ ಇಷ್ಟಿದ್ದೀಯ."

"ಇಷ್ಟೇ ಅಮ್ಮ."

"ಕೂತ್ಕ. ಮೇಡಂ ಈಗ್ ಬತ್ತರೆ. ಸ್ಟಾಪ್ ಏಳ್ಸದು ಇವ್ರ್ ಕೈಲಿ. ಮೊದಲ್ನೇ ದಿನ ಕೇಳುದ್ರು ನನ್ನ, 'ನಿಮ್ಮ ಯಜಮಾನ್ರು ಜೀವನದಲ್ಲಿ ಜಾಸ್ತಿ ಏನ್ ಮಾತಾಡಿದ್ದಾರೆ' ಅಂತ. ನಾನಂದೆ, ನನ್ ಕೂಟ ಮಾತಾಡಿದ್ಕಿಂತ ಸ್ಟಾಪ್ ಕೂಗಿದ್ದೇ ಜಾಸ್ತಿ ಕಣ್ ಮೇಡಂ ಅಂತ."

ಸಿದ್ದರಾಜು ತುಟಿಯ ಒಂದು ಬದಿಯಲ್ಲಿ ನಕ್ಕರು.

ರೇಖಾ ಮೇಡಂ ಅವರ ಪದ್ಧತಿ ಅದು. ಅವರು ಒಂದು ಸ್ಟಾಪಿನ ಹೆಸರು ಹೇಳುತ್ತಾರೆ, ಇವರು ಮುಂದಿನದನ್ನು ಹೇಳಬೇಕು. ಯೋಚಿಸಿ ಆಡುವ ಮಾತು ಹೋಗಿದ್ದರೂ, ಸಾಲಾಗಿ ರೂಢಿಯಾದದ್ದು ಒಳಗೆಲ್ಲೋ ಉಳಿದಿರುತ್ತದಂತೆ. ಒಂದನ್ನು ಮುಟ್ಟಿದರೆ ಮುಂದಿನದು ಅಲುಗುತ್ತದೆ. ಮೊದಲ ಹತ್ತು ನಿಮಿಷ ಪರೀಕ್ಷೆ, ಉತ್ತರಗಳನ್ನು ಬರೆದುಕೊಳ್ಳುತ್ತಾರೆ. ಉಳಿದ ಹತ್ತು ಅಭ್ಯಾಸ.

ಹನ್ನೊಂದಾಯಿತು. ಪರದೆಯಲ್ಲಿ ಮೇಡಂ ಅವರ ಮುಖ ಬಂದು, ನಿಂತು, ಚೌಕ ಚೌಕವಾಗಿ ಒಡೆಯಿತು. ದನಿ ಮಾತ್ರ ಬಂತು: "ಚಾಮರಾಜನಗರ."

ನಾನು ಮನಸ್ಸಿನಲ್ಲಿ ಎಣಿಸಿದೆ. ಒಂದು, ಎರಡು. ಸಿದ್ದರಾಜು ಅವರ ಗಂಟಲು ಅಲುಗಿತು. "ಕೆ... ಕೆರೆ ಏರಿ."

ಹೇಳಿದರು! ಸ್ಪಷ್ಟವಾಗಿ, ನನ್ನ ಪಕ್ಕದಲ್ಲೇ. ನಾನು ಪರದೆ ನೋಡಿದೆ. ಒಡೆದ ಚೌಕಗಳ ನಡುವೆ ಮೇಡಂ ಇನ್ನೂ ಕಾಯುತ್ತಿರುವುದು ಕಾಣುತ್ತಿತ್ತು. ಕಾಯುತ್ತಲೇ ಇದ್ದರು. ಕೊನೆಗೆ ಅವರೇ ಮೆಲ್ಲಗೆ, "ಕೆರೆ ಏರಿ. ಅಲ್ವಾ? ಪರವಾಗಿಲ್ಲ, ಮುಂದಿನದು ನೋಡೋಣ" ಎಂದರು. ತಲೆ ತಗ್ಗಿಸಿ ಏನೋ ಬರೆದರು.

"ಏಳುದ್ರಲ್ಲ ಮೇಡಂ, ಏಳುದ್ರು!" ಎಂದು ಚಿಕ್ಕತಾಯಮ್ಮ ಪರದೆಗೆ ಮುಖವಿಟ್ಟು ಕೂಗಿದರು. ಆ ಕೂಗು ಅಲ್ಲಿ ಮುಟ್ಟುವಷ್ಟರಲ್ಲಿ ಮೇಡಂ ಮುಂದಿನ ಹೆಸರಿಗೆ ಹೋಗಿದ್ದರು.

"ಉಡಿಗಾಲ."

"ಶಾಲೆ... ಗೇಟು."

ಮತ್ತೆ ಅದೇ. ಇವರ ಉತ್ತರ ಅಲ್ಲಿ ಕೇಳುವ ಮೊದಲೇ ಅವರು ತಾವೇ ಹೇಳುತ್ತಿದ್ದರು. ಆದ್ದರಿಂದ ಇವರ ಉತ್ತರ ಅಲ್ಲಿ ಮುಟ್ಟಿದಾಗ, ಅವರ ಮಾತನ್ನೇ ಇವರು ಮರಳಿ ಹೇಳಿದಂತೆ ಕೇಳುತ್ತಿತ್ತು. ಮೂರನೆಯದಕ್ಕೆ ಸಿದ್ದರಾಜು ಬಾಯಿ ತೆರೆದು, ಮುಚ್ಚಿದರು. ನಾಲ್ಕನೆಯದಕ್ಕೆ ತೆರೆಯಲೇ ಇಲ್ಲ. ತಾನು ಹೇಳಿದ್ದು ತಪ್ಪಿರಬೇಕು, ಅದಕ್ಕೇ ಅವರು ಸರಿಪಡಿಸುತ್ತಿದ್ದಾರೆ ಎಂದು ಆ ಮನುಷ್ಯ ಅಂದುಕೊಂಡಿದ್ದರು.

ಇದ್ದಕ್ಕಿದ್ದಂತೆ ಪರದೆ ತಿಳಿಯಾಯಿತು. ಮೇಡಂ ಅವರ ಮುಖ, ಹಿಂದಿನ ಗೋಡೆಯ ಕ್ಯಾಲೆಂಡರು, ಅದರ ತಾರೀಖು ಕೂಡ ಕಂಡಿತು. ನನ್ನ ಕೈಗಡಿಯಾರ ನೋಡಿದೆ. ಹನ್ನೊಂದೂ ಹತ್ತು.

ಹನ್ನೊಂದು. ಹನ್ನೊಂದೂ ಹತ್ತು. ಇವೆರಡೂ ನನಗೆ ಪರಿಚಯದ ಅಂಕಿಗಳು. ಬರೆದವಳು ನಾನೇ.

ಚೀಲದಿಂದ ನೋಟ್‌ಬುಕ್ಕು ತೆಗೆದು ಹಿಂದಕ್ಕೆ ತಿರುವಿದೆ. ಮೇ ೧೫, ಸೋಮವಾರ: "ಅಗಲದ ಪರೀಕ್ಷೆ ಮೂವತ್ತು ಸೆಕೆಂಡಿನಿಂದ ಹತ್ತು ನಿಮಿಷಕ್ಕೆ. ಹೆಚ್ಚು ನಿಖರ." ಕೆಳಗೆ ಅಚ್ಚುಕಟ್ಟಾಗಿ ಗೆರೆ ಎಳೆದು: "ಆ ಹತ್ತು ನಿಮಿಷ ಪಿಂಗ್ ನಿಲ್ಲಿಸಬೇಕು. ಇಲ್ಲದಿದ್ದರೆ ಅಂಕಿ ಕೆಡುತ್ತದೆ."

ಹೊಸಬರಿಗೆ ಬಿಡಿಸಿ ಹೇಳುತ್ತೇನೆ. ದಾರಿಯ ಅಗಲ ನೋಡಲು ದಾರಿಯ ತುಂಬ ಮಾಹಿತಿ ನುಗ್ಗಿಸಬೇಕು. ರಸ್ತೆ ಎಷ್ಟು ಅಗಲ ಎಂದು ತಿಳಿಯಲು ಒಂದಕ್ಕೊಂದು ಒತ್ತಿ ಲಾರಿ ಬಿಟ್ಟಂತೆ. ಮೂವತ್ತು ಸೆಕೆಂಡಾದರೆ ಯಾರಿಗೂ ತಿಳಿಯದು. ನಾನು ಹತ್ತು ನಿಮಿಷ ಬಿಟ್ಟಿದ್ದೆ, ಅದೂ ಗಂಟೆ ಹೊಡೆಯುವಾಗಲೇ, ಏಕೆಂದರೆ ಪಟ್ಟಿಯಲ್ಲಿ ೧೧:೦೦ ಎಂದು ಬರೆದರೆ ನೋಡಲು ಚೆಂದ. ಲಾರಿಗಳ ನಡುವೆ ಸಿಕ್ಕಿಬಿದ್ದ ಒಬ್ಬ ಮನುಷ್ಯನ ದನಿ ಎರಡು ಮೂರು ಸೆಕೆಂಡು ತಡವಾಗುತ್ತಿತ್ತು. ಆ ತಡವನ್ನು ಹಿಡಿಯಬಹುದಾಗಿದ್ದ ಪಿಂಗನ್ನು ಆ ಹತ್ತು ನಿಮಿಷ ನಾನೇ ನಿಲ್ಲಿಸಿದ್ದೆ. ಆಚೆಯ ಐವತ್ತು ನಿಮಿಷಗಳ ತಡ ಸರಾಸರಿಯಾಗಿ ಚೌಕದಲ್ಲಿ ಒಂಬತ್ತು ಎಂದು ಕೂರುತ್ತಿತ್ತು. ದಾರಿ ಚೆನ್ನಾಗಿದೆಯೇ ಎಂದು ನೋಡಲು ಹೋಗಿ ದಾರಿಯನ್ನು ಕಟ್ಟಿದ್ದೆ, ಆಮೇಲೆ ಚೆನ್ನಾಗಿದೆ ಎಂದು ಬರೆದಿದ್ದೆ.

ಹೊರಗೆ ಬಂದು ನಾಗಮಲ್ಲಪ್ಪ ಸರ್‌ಗೆ ಫೋನು ಮಾಡಿದೆ.

"ಸರ್, ಮದ್ದೂರಿನ ಅಗಲದ ಪರೀಕ್ಷೆ ನಿಲ್ಲಿಸಿ. ಈಗಲೇ."

"ಯಾಕಮ್ಮಿ, ಏನ್ ಕೆಟ್ಟದೆ?"

"ಏನೂ ಕೆಟ್ಟಿಲ್ಲ. ಕೆಡಿಸ್ತಾ ಇರೋದು ನಮ್ಮ ಪರೀಕ್ಷೆನೇ. ನಾನೇ."

"ಲೈನ್ ನೋಡು ಅಂದ್ರೆ ಲೈನ್ ಮ್ಯಾಲೇ ಕುಂತ್ಬುಟ್ಟಿದ್ದೀಯಲ್ಲಮ್ಮಿ" ಎಂದರು. ಮತ್ತೆ, "ಚೌಕ ಖಾಲಿ ಬುಟ್ರೆ ಮೇಲ್ನೋರು ಕೇಳ್ತರೆ."

"ಕೇಳಿದರೆ ನಾನು ಹೇಳ್ತೀನಿ."

"ನೀನ್ಯಾಕೆ? ಸೆಕೆಂಡ್ ಮುಳ್ಳಿಲ್ದೆ ಇಪ್ಪತ್ತು ವರ್ಷ ಉತ್ರ ಏಳಿವ್ನಿ. ಇದ್ಕೂ ಏಳ್ತೀನಿ ಬುಡು."

ಒಳಗೆ ಬಂದಾಗ ಸಿದ್ದರಾಜು ಅವರ ಇಪ್ಪತ್ತು ನಿಮಿಷ ಮುಗಿದಿತ್ತು. ಮುಂದಿನವರಿಗೆ ಜಾಗ ಬಿಟ್ಟು ಗಂಡಹೆಂಡತಿ ಹಿಂದಿನ ಬೆಂಚಿಗೆ ಬಂದಿದ್ದರು. ಚಿಕ್ಕತಾಯಮ್ಮನ ಮುಂದೆ ನಿಂತು ಎಲ್ಲ ಹೇಳಿದೆ. ಅವರಿಗೆ ಲಾರಿಗಳ ಹೋಲಿಕೆ ಬೇಕಾಗಲಿಲ್ಲ.

"ಅಂಗಾರೆ ತಪ್ಪು ಇವ್ರ್ ನಾಲ್ಗೇದಲ್ಲ."

"ಅಲ್ಲಮ್ಮ."

"ನಿಂದು."

"ನನ್ನದು."

"ಸರಿ. ಇದ್ನ ಮೇಡಂಗೆ ನೀನೇ ಏಳ್ಬೇಕು. ನಾ ಏಳುದ್ರೆ ಗಂಡನ್ ಪರ ಅಂತರೆ." ಆಮೇಲೆ ಅವರ ಕಡೆ ತಿರುಗಿ, "ಕೇಳ್ಸ್ಕಂಡ್ರಾ? ನೀವ್ ಸರ್ಯಾಗೇ ಏಳ್ತಾ ಇದ್ರಂತೆ" ಎಂದರು.

ಸಿದ್ದರಾಜು ಎಡಗೈ ಚಾಚಿದರು. ನೋಟ್‌ಬುಕ್ಕು ಕೊಟ್ಟೆ. ಮೇ ೧೫ರ ಸಾಲಿನ ಮೇಲೆ ಬೆರಳಿಟ್ಟು, ಟಿಕೆಟ್ ಲೆಕ್ಕ ತಾಳೆ ನೋಡುವವರಂತೆ ಕಣ್ಣು ಕಿರಿದು ಮಾಡಿ ಓದಿದರು. ಇಪ್ಪತ್ತೆಂಟು ವರ್ಷ ಅವರೂ ದಿನವೂ ಪಟ್ಟಿ ತುಂಬಿದವರೇ. ನನ್ನನ್ನೊಮ್ಮೆ ನೋಡಿದರು. ಬೈದಿದ್ದರೆ ಸಲೀಸಾಗಿತ್ತು, ಬೈಯಲು ಅವರ ಬಳಿ ಮಾತಿರಲಿಲ್ಲ. ನೋಟ್‌ಬುಕ್ಕು ಮುಚ್ಚಿ ಕೊಟ್ಟು, ಬೆಂಚಿನ ಹಲಗೆಯ ಮೇಲೆ ಎರಡು ಸಲ ತಟ್ಟಿದರು. ಬಸ್ಸಿನ ಬಾಗಿಲ ಪಕ್ಕದ ತಗಡಿಗೆ ಹಾಗೆ ತಟ್ಟಿದರೆ ಹೊರಡು ಎಂದರ್ಥ. ನಾನು ಹೊರಟೆ.

ಮರುದಿನ ಚಾಮರಾಜನಗರದಲ್ಲಿ ರೇಖಾ ಮೇಡಂ ಅವರ ಮೇಜಿನ ಮೇಲೆ ನನ್ನ ನೋಟ್‌ಬುಕ್ಕನ್ನೂ ಅವರ ಹಾಳೆಗಳನ್ನೂ ಪಕ್ಕಪಕ್ಕ ಇಟ್ಟೆವು. ಅವರ ಹಾಳೆಯಲ್ಲಿ ಮೂರು ಕಾಲಂ: ಉತ್ತರ, ಮೌನ, ಪ್ರತಿಧ್ವನಿ. ಹೇಳಿಕೊಟ್ಟದ್ದನ್ನೇ ಮರಳಿ ಹೇಳಿದರೆ ಮೂರನೆಯದರಲ್ಲಿ ಗುರುತು. ಮೇ ೧೨ರವರೆಗೆ ಉತ್ತರದ ಗುರುತುಗಳು ವಾರವಾರವೂ ಹೆಚ್ಚಿದ್ದವು. ಮೇ ೧೬ರಿಂದ ಎಲ್ಲ ಮೂರನೆಯ ಕಾಲಮ್ಮಿಗೆ ಜಾರಿದ್ದವು. ಈಚಿನ ಎರಡು ವಾರ ಮೌನದ್ದೇ ಹೆಚ್ಚು.

ಮೇಡಂ ಪೆನ್ಸಿಲು ಕೆಳಗಿಟ್ಟರು. "ಆರು ವಾರದಿಂದ ಆ ಮನುಷ್ಯ ಉತ್ತರ ಕೊಟ್ಟಿದ್ದಾರೆ. ನಾನು ಪ್ರತಿಧ್ವನಿ ಅಂತ ಬರೆದಿದ್ದೀನಿ."

"ಇದನ್ನು ತಿದ್ದಬಹುದಾ ಮೇಡಂ?"

"ಹಾಳೆ ತಿದ್ದಬಹುದು ಮಂಜುಳಾ. ಅದಲ್ಲ ನನ್ನ ಚಿಂತೆ. ಆರು ವಾರ ಸರಿ ಹೇಳಿ ತಪ್ಪು ಅನ್ನಿಸಿಕೊಂಡವರು ಮತ್ತೆ ಬಾಯಿ ತೆಗೀತಾರಾ ಅನ್ನೋದು. ಕೆಲವರು ತೆಗೆಯೋದಿಲ್ಲ. ಶುಕ್ರವಾರ ನೋಡೋಣ. ನೀವೂ ಬನ್ನಿ, ನಿಮ್ಮ ಪಿಂಗ್ ಇಟ್ಟುಕೊಂಡು."

ಜೂನ್ ೩೦, ಶುಕ್ರವಾರ. ಮೋಡ: ಗೊತ್ತಿಲ್ಲ. ಚಾಮರಾಜನಗರದಿಂದ ಬೆಟ್ಟ ಕಾಣುವುದಿಲ್ಲ.

ಹನ್ನೊಂದು ಗಂಟೆಗೆ ದಾರಿಯಲ್ಲಿ ನನ್ನದೇನೂ ಓಡುತ್ತಿರಲಿಲ್ಲ, ಪುಟ್ಟ ಪಿಂಗ್ ಒಂದನ್ನು ಬಿಟ್ಟರೆ. ಒಂಬತ್ತು, ಒಂಬತ್ತು, ಹತ್ತು, ಒಂಬತ್ತು. ಪರದೆಯಲ್ಲಿ ಖಾಕಿ ಅಂಗಿಯ ಇಸ್ತ್ರಿಯ ಗೆರೆಯೂ ಕಾಣುತ್ತಿತ್ತು. ಪಕ್ಕದಲ್ಲಿ ಚಿಕ್ಕತಾಯಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಳಿತಿದ್ದರು, ತಾನೇ ಎಲ್ಲಿ ಹೇಳಿಬಿಡುತ್ತೇನೋ ಎಂಬಂತೆ.

"ಚಾಮರಾಜನಗರ" ಎಂದರು ಮೇಡಂ.

ಸಿದ್ದರಾಜು ಪರದೆ ನೋಡುತ್ತಿದ್ದರು. ಒಂದು, ಎರಡು, ಮೂರು, ನಾಲ್ಕು. ಮೌನ. ಈ ಸಲ ಅದರಲ್ಲಿ ನನ್ನ ಪಾಲು ಒಂಬತ್ತು ಮಿಲಿಸೆಕೆಂಡು ಮಾತ್ರ, ಉಳಿದದ್ದೆಲ್ಲ ಅವರದು. ಆ ಮೌನದೊಳಗೆ ಬಸ್ ಸ್ಟ್ಯಾಂಡು, ಬಾಗಿಲಿಗೆ ಜೋತುಬಿದ್ದ ಜನ, ಕೆರೆಯ ಮೇಲಿಂದ ಬರುವ ಗಾಳಿ ಎಲ್ಲ ಇದ್ದಿರಬೇಕು. ಇಪ್ಪತ್ತೆಂಟು ವರ್ಷದ ಆ ರಸ್ತೆಯ ಒಂದು ತುದಿಯಲ್ಲಿ ಅವರು ಒಬ್ಬರೇ ನಿಂತಿದ್ದರು, ಇನ್ನೊಂದು ತುದಿಯಲ್ಲಿ ನಾವು ನಿಂತಿದ್ದೆವು. ಹತ್ತು. ಹನ್ನೊಂದು. ಮೇಡಂ ಅವರ ತುಟಿ ಅಲುಗಿತು, ಹೇಳಿಕೊಡುವ ರೂಢಿಗೆ. ನಾನು ಅವರ ಕೈ ಹಿಡಿದೆ. ಅವರು ತಡೆದುಕೊಂಡರು.

ಆಗ ಅತ್ತಲಿಂದ ಸದ್ದು ಬಂತು. ಬೆಂಚಿನ ಹಲಗೆಯ ಮೇಲೆ ಎರಡು ಸಲ, ಟಕ್ ಟಕ್.

"ಕೆರೆ ಏರಿ" ಎಂದರು ಸಿದ್ದರಾಜು.

ಮೇಡಂ ಏನೂ ಆಗದವರಂತೆ ಮೊದಲ ಕಾಲಮ್ಮಿನಲ್ಲಿ ಗುರುತು ಹಾಕಿದರು. ಗೆರೆ ಸೊಟ್ಟಗಾಯಿತು. "ಉಡಿಗಾಲ."

"ಶಾಲೆ ಗೇಟು."

"ತೆರಕಣಾಂಬಿ." ಇದಕ್ಕೆ ಬರಲಿಲ್ಲ, ತಲೆ ಅಲ್ಲಾಡಿಸಿದರು. ಇನ್ನೆರಡಕ್ಕೂ ಬರಲಿಲ್ಲ. ಹತ್ತರಲ್ಲಿ ಏಳು ಬಂತು. ಕೊನೆಯದಾಗಿ ಮೇಡಂ "ಗುಂಡ್ಲುಪೇಟೆ" ಎಂದರು. "ಮದ್ದೂರು" ಎಂದರು ಸಿದ್ದರಾಜು. ಅಲ್ಲಿಗೆ ಪರೀಕ್ಷೆ ಮುಗಿಯಿತು. ಮೇಡಂ ಹಾಳೆ ಮಡಿಸಲು ಹೋದರು. ಅವರು ಏನನ್ನೂ ಕೇಳಿರಲಿಲ್ಲ. ಆದರೂ ಅತ್ತಲಿಂದ ಒರಟಾದ, ದೊಡ್ಡದಾದ ದನಿ ಬಂತು, ತುಂಬಿದ ಬಸ್ಸಿನ ಹಿಂದಿನ ಸೀಟಿಗೂ ಮುಟ್ಟುವಂಥದು:

"ಲಾಸ್ಟ್ ಸ್ಟಾಪ್! ಎಲ್ಲಾ... ಇಳ್ಕಳಿ!"

ಚಿಕ್ಕತಾಯಮ್ಮ ಸೆರಗು ಬಿಟ್ಟು, ಅಳುತ್ತಲೋ ನಗುತ್ತಲೋ, "ನಾವೆಲ್ಗ್ ಇಳ್ಯನ ಮಾರಾಯ್ರೇ, ನಮ್ಮೂರಲ್ಲೇ ಇದ್ದೀವಿ" ಎಂದರು. ರೇಖಾ ಮೇಡಂ ಹಾಳೆಯನ್ನು ಮತ್ತೆ ಬಿಡಿಸಿದರು. ಕೇಳದೆ ಬಂದ ಮಾತನ್ನು ಬರೆಯಲು ಅದರಲ್ಲಿ ಕಾಲಂ ಇರಲಿಲ್ಲ. ಅಂಚಿನಲ್ಲಿ ಬರೆದರು.

ಜಾಗ ಉಳಿಯಿತು. ಸಿದ್ದರಾಜು ಡಿಸೆಂಬರಿನವರೆಗೆ ಬಂದರು. ಚಿಕ್ಕತಾಯಮ್ಮನ ನಾಲ್ಕನೆಯ ಫೋನು ಆ ತಿಂಗಳೇ ಬಂತು: "ನೆನ್ನೆ ಸಾರ್ಗೆ ಉಪ್ಪಿಲ್ಲ ಅಂತ ಬೈದ್ರು ಕಣಮ್ಮಿ, ಪೂರ್ತಿ ಒಂದ್ ಮಾತು. ಉಪ್ಪ್ ಆಕ್ದೆ ಇನ್ನೊಂದಪ ಬೈಸ್ಕಂಡೆ."

ಅಗಲದ ಪರೀಕ್ಷೆಯನ್ನು ಎಲ್ಲ ಊರುಗಳಿಗೂ ಮತ್ತೆ ಮೂವತ್ತು ಸೆಕೆಂಡಿಗೆ ಇಳಿಸಿದ್ದೇನೆ. ಈಗ ಅದು ನಡೆಯುವಾಗಲೂ ಪಿಂಗ್ ಓಡುತ್ತಿರುತ್ತದೆ. ಅಂಕಿ ಕೆಡುತ್ತದೆ, ಕೆಡಲಿ. ಯಾರಾದರೂ ಫೋನು ಮಾಡಿ ಲೈನ್ ಸರಿಯಿಲ್ಲ ಎಂದರೆ, ಪಟ್ಟಿ ನೋಡುವ ಮೊದಲು ಎಷ್ಟು ಗಂಟೆಗೆ ಎಂದು ಕೇಳಿ ಬರೆದುಕೊಳ್ಳಿ. ಆಮೇಲೆ ಬಸ್ಸು ಹತ್ತಿ.

ಮಂಗಳವಾರ, ಶುಕ್ರವಾರ ಮಾತು ಕಲಿಸುವ ಹೊತ್ತಿಗೆ ಮದ್ದೂರಿಗೆ ಅಗಲದ ಪರೀಕ್ಷೆಯೇ ಇಲ್ಲ, ಪಟ್ಟಿಯಲ್ಲಿ ಹನ್ನೊಂದು ಗಂಟೆಯ ಚೌಕ ಖಾಲಿ ಇರುತ್ತದೆ. ನಾನು ಇಷ್ಟು ವರ್ಷ ತುಂಬಿದ ಪಟ್ಟಿಗಳಲ್ಲಿ ಬೇಕೆಂದೇ ಖಾಲಿ ಬಿಟ್ಟದ್ದು ಅದೊಂದೇ. ಮೊದಲ ವಾರವೇ ನಿಮ್ಮ ಕಣ್ಣಿಗೆ ಅದು ಚುಚ್ಚುತ್ತದೆ. ಸ್ಕ್ರಿಪ್ಟಿನಲ್ಲಿ ಒಂದು ಸಾಲು ಅಳಿಸಿದರೆ ಸಾಕು, ತುಂಬಿಬಿಡುತ್ತದೆ ಎಂದು ಗೊತ್ತಾಗುತ್ತದೆ. ಅಳಿಸಬೇಡಿ. ಈಗ ಆ ಬೆಂಚಿನ ಮೇಲೆ ಬೇರೆ ಯಾರೋ ಕುಳಿತಿದ್ದಾರೆ. ಅವರ ಉತ್ತರ ಇನ್ನೂ ದಾರಿಯಲ್ಲಿದೆ.